ಪಂಪಿನ ಪಕ್ಕದ ಖಾಲಿ ಕೋಣೆ

"ರೂಮು ಖಾಲಿ ಇದೆ ಅಂತ ಬಾಗಿಲಲ್ಲಿ ನಿಂತು ಹೇಳೋಕೆ ಯಾರಿಗೆ ಬೇಕಾದ್ರೂ ಬರತ್ತೆ ಸಾರ್. ನಾನು ಹಾಗೆಲ್ಲ ಹೇಳೋಳಲ್ಲ. ಒಳಗೆ ಹೋಗ್ತೀನಿ, ಕುರ್ಚಿ ಇದ್ರೆ ಕುರ್ಚಿ ಮೇಲೆ, ಇಲ್ದಿದ್ರೆ ನೆಲದ ಮೇಲೆ ಕೂತ್ಕೋತೀನಿ. ಸುಮ್ನೆ ಕೂತಿದ್ರೆ ರೂಮು ತಾನಾಗೇ ಬಾಯಿ ಬಿಡತ್ತೆ. ಸ್ವಿಚ್ ನೋಡಿ. ದಿನಾ ಬೆರಳು ಬೀಳೋ ಸ್ವಿಚ್ಚೇ ಬೇರೆ, ಧೂಳು ತಿನ್ನೋ ಸ್ವಿಚ್ಚೇ ಬೇರೆ. ಕಿಟಕಿ ಚಿಲಕ ಎಳೆದು ನೋಡಿ. ತೆಗೆದು ಹಾಕೋ ಚಿಲಕ ಬೆಣ್ಣೆ ಥರ ಬರತ್ತೆ, ತೆಗೀದೇ ಇರೋದು ಹಲ್ಲು ಕಚ್ಕೊಂಡಿರತ್ತೆ. ಕುರ್ಚಿ ಎಳೆದ ಗೀರು ನೆಲದ ಮೇಲೆ ಇದ್ಯಾ? ತಲೆ ಒರಗಿಸಿ ಒರಗಿಸಿ ಗೋಡೆ ಮೇಲೆ ಕಲೆ ಆಗಿದ್ಯಾ? ಕಸದ ಬುಟ್ಟೀಲಿ ಏನಿದೆ? ಮನುಷ್ಯ ಅನ್ನೋನು ಕೂತು ಎದ್ದ ಮೇಲೆ ಏನಾದ್ರೂ ಬಿಟ್ಟೇ ಹೋಗ್ತಾನೆ. ಏನೂ ಇಲ್ಲ ಅಂದ್ರೆ ಆಗ ಅದು ಖಾಲಿ. ನಾನು ಖಾಲಿ ಅಂದ ರೂಮಲ್ಲಿ ಆಮೇಲೆ ಒಂದು ನರಪಿಳ್ಳೆ ಸಿಕ್ಕಿದ್ರೂ ಹೇಳಿ, ಈ ಗೊಂಚಲನ್ನ ನಿಮ್ಮ ಕೈಗಿಟ್ಟು ಮನೆಗೆ ಹೋಗ್ತೀನಿ."

ಹೀಗೆ ಹೇಳಿ ಆಕೆ ಸೊಂಟದಲ್ಲಿದ್ದ ಬೀಗದ ಕೈಗಳ ಗೊಂಚಲನ್ನು ಒಮ್ಮೆ ಝಲ್ಲೆನ್ನಿಸಿದಳು. ಆ ಗೊಂಚಲಿನಿಂದಲೇ ಅವಳಿಗೆ ಗೊಂಚಲಮ್ಮ ಎಂದು ಹೆಸರು ಬಿದ್ದದ್ದು. ಹೆತ್ತವರಿಟ್ಟ ಹೆಸರೊಂದು ಇತ್ತು, ಆದರೆ ಆ ಕಟ್ಟಡದಲ್ಲಿ ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಐದು ಅಂತಸ್ತಿನ ಕಟ್ಟಡ. ಕಟ್ಟಿಸಿದ್ದು ಸರ್ಕಾರ. ಕೆಳಗಿನ ಎರಡು ಅಂತಸ್ತಿನಲ್ಲಿ ಜನನ ಮರಣಗಳನ್ನು ಬರೆದಿಡುವ ಸರ್ಕಾರಿ ಕಚೇರಿ, ಮೇಲಿನ ಮೂರರಲ್ಲಿ ವಿಮೆಯ ಕಾಗದಪತ್ರ ನೋಡುವ ಒಂದು ಖಾಸಗಿ ಕಂಪನಿ. ಇಬ್ಬರಿಗೂ ಒಂದೇ ಮೆಟ್ಟಿಲು, ಒಂದೇ ಲಿಫ್ಟು, ಒಂದೇ ನೀರಿನ ಟ್ಯಾಂಕು. ಇವೆಲ್ಲವನ್ನೂ ನೋಡಿಕೊಳ್ಳುವ ಮೇಲ್ವಿಚಾರಕಿ ಗೊಂಚಲಮ್ಮ. ಮೊದಲು ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರಿಗೆ ದಾರಿ ತೋರಿಸುತ್ತಿದ್ದಳು, ವರ್ಷಗಳು ಉರುಳಿದಂತೆ ಕಟ್ಟಡದ ನರನಾಡಿಯೆಲ್ಲ ಅವಳ ಕೈಗೆ ಬಂದಿತ್ತು. ಯಾವ ನಲ್ಲಿ ಯಾವಾಗ ಕೈ ಕೊಡುತ್ತದೆ, ಯಾವ ಗೋಡೆ ಬೆವರುತ್ತದೆ ಎಂದು ಅವಳಿಗೆ ಗೊತ್ತು. ಅದಕ್ಕಿಂತ ಕಷ್ಟದ ಕೆಲಸವೆಂದರೆ ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಸೂರಿನಡಿ ಬಾಳಿಸುವುದು. ಕೆಳಗಿನವರಿಗೆ ಏನೂ ಎಸೆಯಬಾರದು, ಮೇಲಿನವರಿಗೆ ಏನೂ ಹಳೆಯದಾಗಬಾರದು. ಮುರಿದ ಕುರ್ಚಿಯೊಂದನ್ನು ಮೆಟ್ಟಿಲ ಸಂದಿಯಲ್ಲಿಟ್ಟರೆ ಕೆಳಗಿನವರು, "ಇರ್ಲಿ, ಬೇಕಾಗತ್ತೆ" ಎನ್ನುವರು. ಮೇಲಿನವರು ಮೂಗು ಮುಚ್ಚಿಕೊಂಡು ದಾಟುವರು.

"ನನಗೆ ಮೂರು ಜನ ಅತ್ತೆಯರು" ಎಂದು ಗೊಂಚಲಮ್ಮ ಚಹಾ ಕುಡಿಯುವಾಗ ಹೇಳುವುದಿತ್ತು. "ಕೆಳಗೊಬ್ಬರು, ಮೇಲೊಬ್ಬರು, ಮನೇಲೊಬ್ಬರು. ಮೂವರಲ್ಲಿ ಮನೆಯವರೇ ವಾಸಿ, ಬೈದ ಮೇಲೆ ಊಟ ಹಾಕ್ತಾರೆ."

ಮನೆಯ ಅತ್ತೆಯೂ ಈ ಮಾತು ಕೇಳಿದ್ದರು. ಸೊಸೆ ಸಂಜೆ ಬಾಗಿಲಿಗೆ ಬರುತ್ತಿದ್ದಂತೆ, "ಬಂದ್ಲಪ್ಪ ಅರಮನೆ ಕಾಯೋಳು. ಕಟ್ಟಡದ ಬೀಗ ಎಲ್ಲ ಹಾಕಿ ಬಂದ್ಯಾ? ನಮ್ಮನೆಗಿರೋದು ಒಂದೇ ಬೀಗ, ಅದನ್ನ ನೀನು ಬೆಳಿಗ್ಗೆ ಹಾಕೋದೇ ಮರೆತಿದ್ದೆ" ಎಂದು ಕೂತಲ್ಲಿಂದಲೇ ಛೇಡಿಸುತ್ತಿದ್ದರು. ಗಂಡ ಮನೆಯ ನಡುಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ನಗುತ್ತಿದ್ದ. ಅತ್ತೆ ಸೊಸೆಯ ನಡುವೆ ಅವನು ಬಾಯಿ ಹಾಕುತ್ತಿರಲಿಲ್ಲ, ಹಾಕಿದರೆ ಇಬ್ಬರೂ ಒಂದಾಗಿ ಅವನ ಮೇಲೆ ಬೀಳುತ್ತಾರೆಂದು ಅವನಿಗೆ ಗೊತ್ತಿತ್ತು.

ಆ ವರ್ಷ ಮೇಲಿನ ಕಂಪನಿಯಲ್ಲಿ ಬಹಳ ಜನ ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿದರು. ಸಾಲುಸಾಲು ಮೇಜುಗಳು ಹಾಗೇ ಉಳಿದವು. ಕೆಳಗೆ ಮಾತ್ರ ಕಡತಗಳ ಮೇಲೆ ಕಡತ ಏರಿ ಗುಮಾಸ್ತರ ಮುಖ ಕಾಣದಂತಾಗಿತ್ತು. ಒಂದು ಅಂತಸ್ತನ್ನು ಕಂಪನಿಯವರು ಬಿಟ್ಟುಕೊಡುವುದು, ಕಚೇರಿಯವರು ಅಲ್ಲಿಗೆ ಕಡತ ಏರಿಸುವುದು, ಇಬ್ಬರಿಗೂ ಸೇರಿ ಒಂದು ಬ್ಯಾಟರಿ ಕೋಣೆ ಮಾಡುವುದು ಎಂದು ಮಾತಾಯಿತು. ಕರೆಂಟು ಹೋದರೆ ಕಂಪ್ಯೂಟರುಗಳು ನಿಲ್ಲದಂತೆ ಕಾಯುವ ದೊಡ್ಡ ಬ್ಯಾಟರಿಗಳವು. ಅವುಗಳಿಗೆ ನೆಲದಂತಸ್ತೇ ಬೇಕು, ಭಾರ ಜಾಸ್ತಿ. ಮುಂದಿನ ಎಷ್ಟೋ ವರ್ಷಕ್ಕೆ ಕಟ್ಟಡ ಹೇಗಿರಬೇಕು ಎಂಬ ಲೆಕ್ಕಾಚಾರ ಅದು, ಇವತ್ತಿನದಲ್ಲ. ಹಾಗಾಗಿ ಯಾವ ಕೋಣೆ ನಿಜಕ್ಕೂ ಉಪಯೋಗದಲ್ಲಿದೆ, ಯಾವುದಿಲ್ಲ ಎಂದು ಹೇಳುವ ಹೊಣೆ ಗೊಂಚಲಮ್ಮನ ಮೇಲೆ ಬಿತ್ತು. ಕಂಪನಿಯ ಕಡೆಯಿಂದ ಆಡಳಿತ ನೋಡುವ ಒಬ್ಬ ಅಧಿಕಾರಿ ಬಂದ. ಮಾತಿಗೆ ಮುಂಚೆ ಜೇಬಿನಿಂದ ಅಳತೆ ಟೇಪು ತೆಗೆಯುತ್ತಿದ್ದ. ಅವನಿಗೆ ಎರಡನೆಯ ದಿನವೇ ಟೇಪು ಸಾರ್ ಎಂದು ಹೆಸರಾಯಿತು. ಮೊದಲು ಹೇಳಿದ ಮಾತುಗಳನ್ನೆಲ್ಲ ಗೊಂಚಲಮ್ಮ ಹೇಳಿದ್ದು ಅವನಿಗೇ.

ಅವಳು ಬೆಳಿಗ್ಗೆ ಹೋದಳು, ಮಧ್ಯಾಹ್ನ ಹೋದಳು, ಜನ ತುಂಬಿದ ದಿನ ಹೋದಳು, ಇಲ್ಲದ ದಿನ ಹೋದಳು. ಎಲ್ಲ ಕೋಣೆಗಳಲ್ಲೂ ಕೂತೆದ್ದಳು. ನೆಲದಂತಸ್ತಿನ ಹಿಂಭಾಗದಲ್ಲಿ, ನೀರಿನ ಪಂಪಿನ ಪಕ್ಕ, ಒಂದು ಸಣ್ಣ ಕೋಣೆ ಇತ್ತು. ಒಂದು ಕಿಟಕಿ, ಹಿತ್ತಿಲಿಗೆ ತೆರೆಯುವ ಒಂದು ಬಾಗಿಲು. ಯಾವಾಗ ಹೋದರೂ ಅಲ್ಲಿ ಯಾರೂ ಇರಲಿಲ್ಲ. ನೆಲ ಕನ್ನಡಿಯ ಹಾಗೆ, ಸ್ವಿಚ್ಚಿನ ಮೇಲೆ ಒಂದು ಬೆರಳ ಗುರುತಿಲ್ಲ, ಬುಟ್ಟಿಯೇ ಇಲ್ಲ. ಎಂದೋ ಗುಜರಿಗೆ ಹಾಕಲು ಅವಳೇ ಪಟ್ಟಿಯಲ್ಲಿ ಬರೆದಿದ್ದ ಒಂದು ಮರದ ಬೆಂಚು ಗೋಡೆಗೆ ಒರಗಿ ನೆಟ್ಟಗೆ ನಿಂತಿತ್ತು. ಚಿಲಕವೊಂದು ಮಾತ್ರ ಬೆಣ್ಣೆಯ ಹಾಗೆ ಸರಿಯಿತು. ಪಂಪಿನವನು ಎಣ್ಣೆ ಹಾಕಿರಬೇಕು ಅಂದುಕೊಂಡಳು.

"ಇದು ಖಾಲಿ" ಎಂದಳು. ಬ್ಯಾಟರಿಗೆ ಇದೇ ಸರಿ ಎಂದು ಟೇಪು ಸಾರ್ ಅಳೆದ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಅಡ್ಡಗೀಟಿನ ಗುರುತು ಬಿತ್ತು. ಮುಂದಿನ ವಾರ ಗೋಡೆ ಒಡೆಯುವವರು ಬರುವುದೆಂದು ನಿಗದಿಯಾಯಿತು.

ಅದೇ ವಾರ ಮನೆಯಲ್ಲಿ ಅತ್ತೆ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, "ಸ್ವಲ್ಪ ಅಡ್ಡಾಗ್ತೀನಿ" ಎಂದು ಮಲಗಿದವರು ಏಳಲಿಲ್ಲ. ಗೊಂಚಲಮ್ಮ ಮನೆ ತಲುಪಿದಾಗ ಗಂಡ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದ. ಸೂಜಿಯ ಕೆಳಗೆ ಬಟ್ಟೆ ಹಾಗೇ ಇತ್ತು. ಬಂದವರನ್ನು ಕೂರಿಸುವುದು, ಕುರ್ಚಿ ತರಿಸುವುದು, ಯಾರಿಗೆ ಹೇಳಬೇಕು ಯಾರಿಗೆ ಹೇಳುವುದು ಬಿಟ್ಟುಹೋಯಿತು ಎಂದು ನೋಡುವುದು, ಎಲ್ಲವನ್ನೂ ಅವಳೇ ಮಾಡಿದಳು. ಅತ್ತಿಗೆಯೊಬ್ಬಳು, "ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು, ಕಚೇರಿ ನಡೆಸಿದ ಹಾಗೆ ನಡೆಸ್ತಿದಾಳೆ" ಎಂದದ್ದು ಅವಳ ಕಿವಿಗೆ ಬಿತ್ತು. ಅವಳು ಅತ್ತಿಗೆಗೂ ಒಂದು ಕುರ್ಚಿ ಹಾಕಿದಳು.

ಕೆಲವು ದಿನಗಳ ಮೇಲೆ ಮರಣದ ದಾಖಲೆ ಮಾಡಿಸಬೇಕಾಯಿತು. ಗಂಡ ಅಂಗಿ ಹಾಕಿಕೊಂಡು ಹೊಸಿಲವರೆಗೆ ಬಂದು ನಿಂತುಬಿಟ್ಟ.

"ನನ್ನ ಕೈಲಾಗಲ್ಲ ಕಣೆ. ನೀನೇ ಹೋಗಿ ಬಾ. ನಿನ್ನ ಕಟ್ಟಡ ತಾನೇ."

ಅವಳು ರಜೆಯಲ್ಲಿದ್ದಳು. ಗೊಂಚಲನ್ನು ಲಿಫ್ಟಿನ ಕೆಲಸದವನ ಕೈಗೆ ಒಪ್ಪಿಸಿಯಾಗಿತ್ತು. ದಿನವೂ ಹಾಕುವ ಗಟ್ಟಿ ಬೂಟಿನ ಬದಲು ಮನೆಯ ಚಪ್ಪಲಿ ಮೆಟ್ಟಿ, ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ಕಾಗದ ಹಿಡಿದು, ತಾನೇ ದಿನವೂ ತೆಗೆಸುತ್ತಿದ್ದ ಮುಂಬಾಗಿಲಿನಿಂದ ಉಳಿದವರಂತೆ ಒಳಗೆ ಹೋದಳು. ಕಾವಲಿನವನು, "ನೀವು ಯಾಕಮ್ಮ ಸಾಲಲ್ಲಿ? ಒಳಗೆ ಹೋಗಿ" ಎಂದ.

"ಸಾಲು ಅಂದ್ರೆ ಸಾಲು. ನಾನೇ ಹಾಕ್ಸಿರೋ ಹಗ್ಗ ನಾನೇ ದಾಟ್ಲಾ?" ಎಂದು ಅವಳು ಕೊನೆಯಲ್ಲಿ ನಿಂತಳು.

ಕಿಂಡಿಯ ಹಿಂದೆ ಕೂತಿದ್ದವಳು ಬೇರೆ ಕಡೆಯಿಂದ ಈಗಷ್ಟೇ ವರ್ಗವಾಗಿ ಬಂದ ಗುಮಾಸ್ತೆ, ಗೊಂಚಲಮ್ಮನ ಮುಖ ಅರಿಯದವಳು. ಕಾಗದ ನೋಡುತ್ತ, "ತೀರಿಕೊಂಡವರ ಹೆಸರು?" ಎಂದಳು.

"ಅತ್ತೆ" ಎಂದಳು ಗೊಂಚಲಮ್ಮ.

"ಅದು ಸಂಬಂಧ ಅಲ್ವಾ ಅಮ್ಮ, ಅದನ್ನ ಆಮೇಲೆ ಕೇಳ್ತೀನಿ. ಹೆಸರು ಹೇಳಿ."

ಹೆಸರು ಕಾಗದದಲ್ಲೇ ಇತ್ತು. ಗುಮಾಸ್ತೆ ತಾಳೆ ನೋಡಲು ಕೇಳಿದ್ದಷ್ಟೇ. ಆದರೆ ಗೊಂಚಲಮ್ಮನ ಬಾಯಿಗೆ ಅದು ಬರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅತ್ತೆ ಎಂದೇ ಕರೆದಿದ್ದಳು, ಒಮ್ಮೆಯೂ ಆ ಹೆಸರು ಹಿಡಿದಿರಲಿಲ್ಲ. ಈಗ ಹೆಸರು ಹಿಡಿದು ಕರೆದರೂ ಓಗೊಡುವವರೇ ಇಲ್ಲ. ಕಿಂಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅತ್ತೆ" ಎಂದೇ ಮತ್ತೆ ಅಂದಳು. ಇಷ್ಟು ದಿನ ಎಲ್ಲಿತ್ತೋ, ಅಳು ಒತ್ತರಿಸಿಕೊಂಡು ಬಂತು. ಹಿಂದೆ ಸಾಲಿನಲ್ಲಿದ್ದವರು ಮುಖ ಆಚೆ ತಿರುಗಿಸಿದರು.

ಪಕ್ಕದಲ್ಲಿ ನೆಲ ಒರೆಸುತ್ತಿದ್ದವಳು ದೊಡ್ಡಮ್ಮ. ಕಟ್ಟಡದಲ್ಲಿ ಎಲ್ಲರಿಗಿಂತ ಹಿರಿಯ ಕೆಲಸದವಳು, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ಅವಳು ಕೋಲು ಹಿಡಿದು ನಿಂತು ನೋಡಿದಳು. ಒಂದು ಹೆಜ್ಜೆ ಮುಂದೆ ಬಂದಳು, ನಿಂತಳು, ಕೋಣೆಗಳ ನಡುವೆ ಹಿಂಭಾಗಕ್ಕೆ ಹೋಗುವ ಓಣಿಯ ಕಡೆಗೊಮ್ಮೆ ಕಣ್ಣು ಹಾಯಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅವಳು ಇಷ್ಟು ಯೋಚಿಸುತ್ತಿರಲಿಲ್ಲ. ಕೊನೆಗೆ ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಗೊಂಚಲಮ್ಮನ ರಟ್ಟೆ ಹಿಡಿದಳು. ಎಂದೂ ಮೇಡಂ ಎನ್ನದೆ ಮಾತಾಡದವಳು, "ಬಾ ತಾಯಿ, ಇಲ್ಲಿ ಬೇಡ, ಬಾ" ಎಂದಳು. ಗುಮಾಸ್ತೆಗೆ, "ಇವರ ಕಾಗದ ಪಕ್ಕಕ್ಕಿಟ್ಟಿರಮ್ಮ, ಬರ್ತಾರೆ" ಎಂದು ಹೇಳಿದಳು. ಬಂದು ಕೆಲವೇ ದಿನವಾಗಿದ್ದರೂ ಗುಮಾಸ್ತೆ ಇದು ಹೊಸತಲ್ಲ ಎಂಬಂತೆ ತಲೆಯಾಡಿಸಿದಳು.

ಓಣಿಯುದ್ದಕ್ಕೂ ಯಾವ ಸದ್ದೂ ಇರಲಿಲ್ಲ, ಚಪ್ಪಲಿಯ ಸರಸರ ಮಾತ್ರ. ದೊಡ್ಡಮ್ಮ ಪಂಪಿನ ಪಕ್ಕದ ಬಾಗಿಲು ದೂಡಿದಳು.

ನೆಟ್ಟಗೆ ನಿಂತಿದ್ದ ಬೆಂಚು ಈಗ ಕೂರುವಂತೆ ನೆಲಕ್ಕಿಳಿದಿತ್ತು. ಅದರ ತುದಿಯಲ್ಲಿ ಒಬ್ಬ ಮುದುಕ, ತೊಡೆಯ ಮೇಲೆ ಒಂದು ಕೈಚೀಲ ಇಟ್ಟುಕೊಂಡು ಕೂತಿದ್ದ. ಕಿಟಕಿ ತೆರೆದಿತ್ತು, ಗಾಳಿ ಬರುತ್ತಿತ್ತು. ಮುದುಕ ಏನೂ ಕೇಳದೆ ಚೀಲದ ಸಮೇತ ಪಕ್ಕಕ್ಕೆ ಸರಿದ. ದೊಡ್ಡಮ್ಮ ಅವಳನ್ನು ಕೂರಿಸಿ, ಮೂಲೆಯಲ್ಲಿದ್ದ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. "ಅತ್ತುಬಿಡು. ಇಲ್ಲಿ ಯಾರೂ ಏನೂ ಅನ್ನಲ್ಲ" ಎಂದಳು.

ಗೊಂಚಲಮ್ಮ ಅತ್ತಳು. ಎಷ್ಟು ಹೊತ್ತೆಂದು ನೋಡುವವರಿರಲಿಲ್ಲ. ಅಷ್ಟರಲ್ಲಿ ಪಕ್ಕದ ಪಂಪು ಶುರುವಾಗಿ ಗುರ್ರೆನ್ನುತ್ತಿತ್ತು, ಆ ಸದ್ದಿನಲ್ಲಿ ಅಳು ಮುಚ್ಚಿಹೋಗುತ್ತಿತ್ತು. ದೊಡ್ಡಮ್ಮ ಈ ಕೋಣೆಯನ್ನೇ ಏಕೆ ಆರಿಸಿದ್ದಳೆಂದು ಆಗ ತಿಳಿಯಿತು.

ಸ್ವಲ್ಪ ಸಮಾಧಾನವಾದ ಮೇಲೆ ಮುದುಕ ಕೇಳಿದ, "ನಿಮ್ಮೋರು ಯಾರು?"

"ಅತ್ತೆ."

"ಅತ್ತೆಗಾಗಿ ಇಷ್ಟು ಅಳೋರನ್ನ ನಾನು ನೋಡಿರಲಿಲ್ಲ." ಅವನ ಮಾತಿನಲ್ಲಿ ಕುಹಕವಿರಲಿಲ್ಲ. "ನಂದು ಹೆಂಡ್ತಿ. ಬೆಳಿಗ್ಗೆ ಎದ್ದರೆ ಜಗಳಕ್ಕೆ ಯಾರೂ ಇಲ್ಲಮ್ಮ. ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕ್ಕೊಂಡು ಕಾಯ್ತೀನಿ, ಯಾರಾದ್ರೂ ಬೈತಾರೇನೋ ಅಂತ."

ಗೊಂಚಲಮ್ಮ ಕಣ್ಣೀರಿನಲ್ಲೇ ನಕ್ಕಳು. ನಗುತ್ತ ತಲೆ ಎತ್ತಿದಾಗ ಎದುರಿನ ಗೋಡೆಯ ಮೇಲೆ ಕೆಂಪು ಗುರುತು ಕಾಣಿಸಿತು. ಅವಳೇ ಹಾಕಿಸಿದ್ದು.

ಮುದುಕ ಎದ್ದು ಹೋದ ಮೇಲೆ ಅವಳು ಕೇಳಿದಳು, "ದೊಡ್ಡಮ್ಮ, ನಾನು ಎಷ್ಟು ಸಲ ಬಂದೆ ಇಲ್ಲಿಗೆ. ಯಾರೂ ಇರ್ತಿರಲಿಲ್ವಲ್ಲ."

"ನೀವು ಬರೋದು ಓಣಿ ಆ ತುದೀಲೇ ಗೊತ್ತಾಗತ್ತಲ್ಲಮ್ಮ." ದೊಡ್ಡಮ್ಮ ಸೊಂಟದ ಬಳಿ ಕೈಯಾಡಿಸಿ ತೋರಿಸಿದಳು. "ಝಲ್ ಅಂದ ಕೂಡ್ಲೇ ಪಾಪ ಕೂತಿರೋರನ್ನ ಎಬ್ಬಿಸಿ ಹಿತ್ತಿಲ ಬಾಗಿಲಿಂದ ಕಳಿಸ್ತಿದ್ದೆ. ಬೆಂಚು ಎತ್ತಿ ನಿಲ್ಲಿಸಿ, ಹೂಜಿ ಹೊರಗಿಡ್ತಿದ್ದೆ. ಹೊರಗಿನೋರನ್ನ ಹಿಂದಕ್ಕೆ ಬಿಡಬಾರದು ಅಂತ ಬೋರ್ಡು ನೀವೇ ಹಾಕ್ಸಿದ್ದಲ್ವಾ. ಸಿಕ್ಕಿಬಿದ್ರೆ ನನ್ನ ಕೆಲಸ ಹೋಗತ್ತೆ ಅಂತ ಹೆದರಿಕೆ."

"ಸ್ವಿಚ್ಚಿನ ಮೇಲೆ ಒಂದು ಗುರುತೂ ಇರ್ಲಿಲ್ಲ."

"ಒರೆಸ್ತೀನಲ್ಲ. ಒರೆಸೋದೇ ನನ್ನ ಕೆಲಸ."

ಗೊಂಚಲಮ್ಮ ಸ್ವಿಚ್ಚಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಜನ ಏನಾದರೂ ಬಿಟ್ಟೇ ಹೋಗುತ್ತಾರೆಂದು ನಂಬಿದ್ದವಳು, ಬಿಟ್ಟದ್ದನ್ನು ಒರೆಸುವ ಕೈಯನ್ನು ಮರೆತಿದ್ದಳು. ಆ ಕೈಗೆ ಸಂಬಳ ಹಾಕಿಸುತ್ತಿದ್ದವಳೂ ಅವಳೇ.

"ಮತ್ತೆ ಇವತ್ತು ನನ್ನನ್ನೇ ಯಾಕೆ ಕರ್ಕೊಂಡು ಬಂದೆ?"

"ಹೇಗೂ ಒಡೆದು ಹಾಕೋ ರೂಮು, ನೋಡಿದ್ರೆ ನೋಡ್ಲಿ ಅನ್ನಿಸ್ತು. ಇನ್ನೂ ಒಡೆದಿಲ್ಲವಲ್ಲ. ಇರೋವರೆಗಾದ್ರೂ ಆಗ್ಲಿ ಅಂತ." ದೊಡ್ಡಮ್ಮ ಲೋಟ ತೊಳೆದು ಬೋರಲು ಹಾಕಿದಳು.

ಗೊಂಚಲಮ್ಮ ಕಿಂಡಿಗೆ ಹಿಂತಿರುಗಿ, ಅತ್ತೆಯ ಹೆಸರನ್ನು ಕಾಗದ ನೋಡಿಕೊಂಡು ಓದಿ ಹೇಳಿದಳು. ಕೆಲಸ ಮುಗಿಸಿದವಳು ಮನೆಗೆ ಹೋಗಲಿಲ್ಲ, ಮೊದಲನೆಯ ಮಹಡಿಗೆ ಹತ್ತಿದಳು. ಕಚೇರಿಯ ಸಾಹೇಬರ ಕೋಣೆಯಲ್ಲಿ ಟೇಪು ಸಾರ್ ಕೂಡ ಇದ್ದ. ಮೇಜಿನ ಮೇಲೆ ನಕ್ಷೆ ಹರಡಿತ್ತು. ಅವಳ ಊದಿದ ಕಣ್ಣು ನೋಡಿ ಸಾಹೇಬರು ತಾವೇ ಎದ್ದು ಕುರ್ಚಿ ಎಳೆದರು.

"ಪಂಪಿನ ಪಕ್ಕದ ರೂಮು ಖಾಲಿ ಅಲ್ಲ ಸಾರ್. ನಾನು ಹೇಳಿದ್ದು ತಪ್ಪು" ಎಂದಳು. ಯಾರು ಕೂರುತ್ತಾರೆ, ಏಕೆ ಕೂರುತ್ತಾರೆ ಎಂದು ಹೇಳಿದಳು. ಯಾರು ಕೂರಿಸುತ್ತಾರೆಂಬುದನ್ನು ಹೇಳಲಿಲ್ಲ.

ಟೇಪು ಸಾರ್ ಕಂಗಾಲಾದ. "ಮೇಡಂ, ನಮ್ಮ ಮುಖ್ಯ ಕಚೇರೀಲಿ ಒಪ್ಪಿಗೆ ಆಗಿದೆ. ಈಗ ಏನಂತ ಹೇಳ್ಲಿ? ಒಂದು ಸಲ ಹೋಗಿ ನೋಡ್ಕೊಂಡಾದ್ರೂ ಬರೋಣ, ನಡೀರಿ."

"ನೋಡೋಕೆ ಹೋದ್ರೆ ಎದ್ದು ಹೋಗ್ತಾರೆ. ಇಷ್ಟು ದಿನ ಆಗಿದ್ದೂ ಅದೇ ಅಲ್ವಾ? ಅಳ್ತಾ ಕೂತಿರೋರ ಮುಂದೆ ಟೇಪು ಹಿಡ್ಕೊಂಡು ನಿಲ್ತೀರಾ ಸಾರ್?"

ಅವನು ಕೈಯಲ್ಲಿದ್ದ ಟೇಪನ್ನು ಮೆಲ್ಲಗೆ ಜೇಬಿಗಿಳಿಸಿದ. ಆದರೂ ಬಿಡಲಿಲ್ಲ. "ಪುರಾವೆ ಅಂತ ಏನಾದ್ರೂ ಬೇಕಲ್ಲ ಮೇಡಂ."

"ನಾನೇ ಪುರಾವೆ. ಇವತ್ತು ಅಲ್ಲಿ ಕೂತಿದ್ದೋಳು ನಾನೇ."

ಸಾಹೇಬರು ಆರಿಹೋದ ಚಹಾವನ್ನು ಅತ್ತಿತ್ತ ಸರಿಸಿದರು. "ಬ್ಯಾಟರಿ ಎಲ್ಲಾದ್ರೂ ಇಡಲೇಬೇಕಲ್ಲಮ್ಮ" ಎಂದರು. "ಕರೆಂಟು ಹೋದಾಗಲೆಲ್ಲ ಜನ ದಿನಗಟ್ಟಲೆ ಅಲೀತಾರೆ, ಅವರದ್ದೂ ಕಷ್ಟವೇ."

"ಗೊತ್ತು ಸಾರ್. ನನ್ನ ರೂಮಲ್ಲಿಡಿ."

ಗೊಂಚಲಮ್ಮನ ರೂಮು ಮುಂಬಾಗಿಲ ಪಕ್ಕದಲ್ಲಿತ್ತು. ಬಿಸಿಲು ಬರುವ ಒಂದು ಕಿಟಕಿ, ಅದರ ಕಟ್ಟೆಯ ಮೇಲೆ ಅತ್ತೆ ಕೊಟ್ಟ ಒಂದು ಗಿಡ. ಬಾಗಿಲ ಬಳಿಯ ಮೇಜಿನಿಂದ ಆ ರೂಮಿಗೆ ಬರಲು ಅವಳಿಗೆ ಅರ್ಧ ಆಯುಷ್ಯ ಹಿಡಿದಿತ್ತು. ಕಟ್ಟಡದ ದೊಡ್ಡ ವಯರು ಹಾದುಹೋಗುವುದು ಆ ಗೋಡೆಯ ಹಿಂದೆಯೇ. ಸಾಹೇಬರಿಗೆ ಇದೆಲ್ಲ ಗೊತ್ತಿತ್ತು.

"ನೀವು ಎಲ್ಲಿ ಕೂತ್ಕೋತೀರಿ?"

"ಮೆಟ್ಟಿಲ ಕೆಳಗೆ ಜಾಗ ಇದೆ. ನಾನೆಲ್ಲಿ ಕೂತ್ಕೋತೀನಿ ಸಾರ್, ದಿನಾ ತಿರುಗೋದೇ ಆಯ್ತು."

ಟೇಪು ಸಾರ್ ಎದ್ದು ಕೆಳಗೆ ಹೋದ. ಅವನು ಮುಖ ಗಂಟಿಕ್ಕಿಕೊಂಡು ಹೋದನೆಂದು ಇಬ್ಬರೂ ಅಂದುಕೊಂಡರು. ಹಿಂತಿರುಗಿದಾಗ ಅವನ ಮೊಣಕೈಗೆಲ್ಲ ಧೂಳು. "ನಿಮ್ಮ ರೂಮಲ್ಲಿ ಬೀರು ಹಿಂದೆ ಎಂಥಾ ಧೂಳು ಮೇಡಂ" ಎಂದ. "ನಿಮ್ಮ ರೂಮು ಆ ರೂಮಿಗಿಂತ ಎರಡು ಬೆರಳು ಜಾಸ್ತಿನೇ ಇದೆ. ಬ್ಯಾಟರಿ ಹಿಡಿಸತ್ತೆ. ಮುಖ್ಯ ಕಚೇರಿಗೆ ನಾನು ಬರೀತೀನಿ." ಆಮೇಲೆ ಸಣ್ಣ ದನಿಯಲ್ಲಿ, "ಖಾಲಿ ಅಂದ ರೂಮಲ್ಲಿ ನರಪಿಳ್ಳೆ ಸಿಕ್ಕಿದ್ರೆ ಗೊಂಚಲು ನನ್ನ ಕೈಗೆ ಕೊಡ್ತೀನಿ ಅಂದಿದ್ರಿ. ನನಗೆ ಬೇಡ. ಅಷ್ಟು ಭಾರ ಹೊರೋಕೆ ನನ್ನ ಸೊಂಟ ಗಟ್ಟಿ ಇಲ್ಲ."

ಆ ಸಂಜೆ ಮನೆಯಲ್ಲಿ ಗಂಡ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಅಮ್ಮನ ರೂಮು ಖಾಲಿ ಬಿದ್ದಿದೆ. ಬೆಳಕು ಚೆನ್ನಾಗಿದೆ. ಮೆಷಿನ್ ಇಲ್ಲಿಗೆ ಹಾಕ್ಲಾ?" ಎಂದು ಕೇಳಿದ. ಕೇಳಿದವನ ದನಿಯಲ್ಲೇ ಬೇಡ ಎನ್ನಿಸಿಕೊಳ್ಳುವ ಆಸೆ ಇತ್ತು.

ಗೊಂಚಲಮ್ಮ ಒಳಗೆ ಹೋಗಿ ಅತ್ತೆಯ ಮಂಚದ ಅಂಚಿಗೆ ಕೂತಳು. ಅತ್ತೆ ತಲೆ ಒರಗಿಸುತ್ತಿದ್ದ ಗೋಡೆಯ ಕಲೆಯ ಮೇಲೆ ಕೈಯಾಡಿಸಿದಳು. "ಇನ್ನೂ ಖಾಲಿ ಆಗಿಲ್ಲ ಕಣ್ರೀ. ಸ್ವಲ್ಪ ದಿನ ಇರ್ಲಿ" ಎಂದಳು. ಅವನೂ ಬಂದು ಪಕ್ಕದಲ್ಲಿ ಕೂತ.

ಗೋಡೆ ಒಡೆಯುವವರು ಬಂದು ಬೇರೆ ಗೋಡೆ ಒಡೆದು ಹೋದರು. ಮೆಟ್ಟಿಲ ಕೆಳಗೆ ಗೊಂಚಲಮ್ಮನ ಮೇಜು ಬಂತು. ಹತ್ತಿ ಇಳಿಯುವವರ ಹೆಜ್ಜೆಯೆಲ್ಲ ಅವಳ ತಲೆಯ ಮೇಲೆಯೇ. "ಈಗ ನನಗೆ ಅತ್ತೆಯರು ತಲೆ ಮೇಲೆಯೇ ಓಡಾಡ್ತಾರೆ" ಎಂದು ಅವಳು ನಗುತ್ತಿದ್ದಳು. ಗಿಡಕ್ಕೆ ಅಲ್ಲಿ ಬಿಸಿಲು ಸಾಲದು, ಅದು ಪಂಪಿನ ಪಕ್ಕದ ಕೋಣೆಯ ಕಿಟಕಿಗೆ ಹೋಯಿತು. ಓಣಿಯ ಬಾಯಲ್ಲಿದ್ದ ಹಳೆಯ ಬೋರ್ಡನ್ನು ಅವಳೇ ಸ್ಟೂಲು ಹತ್ತಿ ಇಳಿಸಿದಳು. ಅದರ ಜಾಗದಲ್ಲಿ ಬೇರೆ ಬೋರ್ಡು ಹಾಕಿಸೋಣವೇ ಎಂದು ಟೇಪು ಸಾರ್ ಕೇಳಿದ. ಬೇಡ ಎಂದಳು. ಬೋರ್ಡು ಓದಿಕೊಂಡು ಯಾರೂ ಅಳಲು ಹೋಗುವುದಿಲ್ಲ, ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಬೇಕು.

ಗೊಂಚಲಿನದೇ ಅವಳಿಗೆ ಚಿಂತೆ. ಒಂದು ದಿನ ಗಂಡನಿಂದ ಹೊಲಿಸಿಕೊಂಡು ಬಂದ ದಪ್ಪ ಬಟ್ಟೆಯ ಚೀಲವನ್ನು ದೊಡ್ಡಮ್ಮನಿಗೆ ತೋರಿಸಿದಳು. "ಇದರಲ್ಲಿ ಹಾಕ್ಕೊಂಡ್ರೆ ಸದ್ದೇ ಬರಲ್ಲ ನೋಡು."

"ಅಯ್ಯೋ, ಹಾಗೆ ಮಾಡಬೇಡಿ" ಎಂದಳು ದೊಡ್ಡಮ್ಮ. "ಸದ್ದು ಇರ್ಲಿ. ನೀವು ಬರ್ತಿದೀರಿ ಅಂತ ಗೊತ್ತಾದ್ರೆ ಮೂಗು ಒರೆಸ್ಕೊಳ್ಳೋಕಾದ್ರೂ ಸಮಯ ಸಿಗತ್ತೆ. ಕಳ್ಳ ಬೆಕ್ಕಿನ ಹಾಗೆ ಬಂದ್ರೆ ಇನ್ನೂ ಹೆದರ್ತಾರೆ."

ಹಾಗೆ ಗೊಂಚಲು ಸೊಂಟದಲ್ಲೇ ಉಳಿಯಿತು. ಚೀಲದಲ್ಲಿ ದೊಡ್ಡಮ್ಮ ಒರೆಸುವ ಬಟ್ಟೆಗಳನ್ನು ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ, ಕಿಂಡಿ ತೆರೆಯುವ ಮುಂಚೆ, ಗೊಂಚಲಮ್ಮ ಓಣಿಯಲ್ಲಿ ಝಲ್ಲೆಂದು ಬಂದಳು. ಒಳಗೆ ದೊಡ್ಡಮ್ಮ ನೆಲ ಒರೆಸುತ್ತಿದ್ದಳು. ಸದ್ದು ಕೇಳಿ ತಿರುಗಿಯೂ ನೋಡಲಿಲ್ಲ. "ಬಂದ್ರಾ? ಆ ಕಡೆ ಸ್ವಲ್ಪ ಹಿಡೀರಿ" ಎಂದಳು. ಗೊಂಚಲಮ್ಮ ಬೆಂಚಿನ ಒಂದು ತುದಿ ಎತ್ತಿ ಹಿಡಿದಳು. ದೊಡ್ಡಮ್ಮ ಅದರ ಅಡಿಯಲ್ಲಿ ಒದ್ದೆ ಬಟ್ಟೆಯನ್ನು ಉದ್ದಕ್ಕೆ ಎಳೆದಳು, ಹಿಂಡಿದಳು, ಮತ್ತೊಮ್ಮೆ ಎಳೆದಳು.